ಕಿರ್ದಿ ಬರೆಯುವವರ ಪಾಠಶಾಲೆ

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲಕ್ಕೆ ಮಗನನ್ನು ಲೆಕ್ಕಪರಿಶೋಧಕ ಮಾಡಬೇಕೆಂದು ಆಸೆಪಟ್ಟ ಅಪ್ಪ ಮೊದಲು ದುಡ್ಡು ಹೊಂದಿಸಬೇಕಿತ್ತು. ಹುಡುಗ ಯಾರ ಕಚೇರಿಗೆ ಸೇರುತ್ತಾನೋ ಆ ಯಜಮಾನನಿಗೆ ನೂರಾರು ಗಿನಿ ಪ್ರೀಮಿಯಂ ತೆರಬೇಕು. ಆರ್ಟಿಕಲ್ಸ್ ಎಂಬ ಕರಾರುಪತ್ರಕ್ಕೆ ಸಹಿ ಹಾಕಬೇಕು. ಆಮೇಲೆ ಹುಡುಗ ಐದು ವರ್ಷ, ಪದವೀಧರನಾದರೆ ಮೂರು ವರ್ಷ, ಸಂಬಳದ ಮಾತೆತ್ತದೆ ದುಡಿಯಬೇಕು. ಎಡಿನ್‌ಬರೋದ ಲೆಕ್ಕಿಗರ ಸಂಘಕ್ಕೆ 1854ರಲ್ಲಿ, ಇಂಗ್ಲೆಂಡಿನ ಸಂಸ್ಥೆಗೆ 1880ರಲ್ಲಿ ರಾಜಸನ್ನದು ಸಿಕ್ಕಿತು. ವಕೀಲರ ಕಚೇರಿಗಳಲ್ಲಿ ಅದಕ್ಕೂ ಹಿಂದಿನಿಂದ ನಡೆದುಬಂದಿದ್ದ ಪದ್ಧತಿಯನ್ನೇ ಈ ಹೊಸ ವೃತ್ತಿಯವರೂ ಎತ್ತಿಕೊಂಡರು. ಬುದ್ಧಿ ಇದ್ದು ದುಡ್ಡಿಲ್ಲದವನು ಅದೇ ಕಚೇರಿಯಲ್ಲಿ ಜೀವಮಾನವಿಡೀ ಕ್ಲರ್ಕ್ ಆಗಿ ಕೂಡುತ್ತಿದ್ದ. ದುಡ್ಡಿದ್ದವನು ಅವನ ಪಕ್ಕದಲ್ಲೇ ಕೂತು, ಅವನಿಂದಲೇ ಕೆಲಸ ಕಲಿತು, ಐದು ವರ್ಷಕ್ಕೆ ಅವನ ಸಾಹೇಬನಾಗುತ್ತಿದ್ದ.

ಈ ಕೊನೆಯ ಮಾತನ್ನು ಹೇಳಲೆಂದೇ ಅಷ್ಟು ದೂರದಿಂದ ಶುರು ಮಾಡಿದೆ. ನಮ್ಮ ವೃತ್ತಿಯ ಇತಿಹಾಸವನ್ನು ಸ್ಮರಣಸಂಚಿಕೆಗಳಲ್ಲಿ ಓದಿದರೆ ಅಲ್ಲಿ ಕಾಯ್ದೆಗಳು, ಅಧ್ಯಕ್ಷರು, ಕಟ್ಟಡಗಳ ಉದ್ಘಾಟನೆಗಳು ಸಾಲಾಗಿ ಬರುತ್ತವೆ. ಆರ್ಟಿಕಲ್‌ಶಿಪ್ ಎಂದರೆ ಹಿರಿಯ ಆಡಿಟರ್ ಕಿರಿಯನನ್ನು ತಿದ್ದಿ ತೀಡಿದ ಕಥೆ ಎಂದು ಬರೆದಿರುತ್ತಾರೆ. ನಾನು 1986ರಲ್ಲಿ ಹುಬ್ಬಳ್ಳಿಯ ದುರ್ಗದ ಬೈಲಿನ ಸಮೀಪ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ಒಂದು ಆಡಿಟ್ ಕಚೇರಿಗೆ ಆರ್ಟಿಕಲ್ ಆಗಿ ಸೇರಿದೆ. ನಮ್ಮ ಸಾಹೇಬರ ಮೇಲೆ ನನಗೆ ಗೌರವವಿದೆ. ಕಾನೂನು ಓದುವುದನ್ನು, ಇಂಗ್ಲಿಷಿನಲ್ಲಿ ಒಂದು ಪತ್ರವನ್ನು ಚೊಕ್ಕವಾಗಿ ಬರೆಯುವುದನ್ನು, ಆದಾಯ ತೆರಿಗೆ ಅಧಿಕಾರಿಯ ಎದುರು ಯಾವಾಗ ಸುಮ್ಮನಿರಬೇಕು ಎಂಬುದನ್ನು ಅವರೇ ಕಲಿಸಿದರು. ಲೆಕ್ಕ ಕಲಿಸಿದವರು ಮಾತ್ರ ಬೇರೆ. ಪೇಟೆಯ ಗುಮಾಸ್ತರು, ದಿವಾನಜಿಗಳು, ಅಡತಿ ಅಂಗಡಿಯ ಮೂಲೆಯಲ್ಲಿ ಗಾದಿಯ ಮೇಲೆ ಕೂತು ಕಿರ್ದಿ ಬರೆಯುತ್ತಿದ್ದವರು. ಅವರ ಹೆಸರು ಯಾವ ಸಂಚಿಕೆಯಲ್ಲೂ ಇಲ್ಲ.

ಮೊದಲು ಕಾಯ್ದೆಯ ದಾರಿಯನ್ನು ಬೇಗ ನಡೆದುಬಿಡೋಣ.

ಬ್ರಿಟಿಷ್ ಇಂಡಿಯಾದಲ್ಲಿ ಕಂಪನಿಗಳ ಲೆಕ್ಕವನ್ನು ಅರ್ಹತೆಯುಳ್ಳವರೇ ತಪಾಸಣೆ ಮಾಡಬೇಕು ಎಂದು ಹೇಳಿದ್ದು 1913ರ ಕಂಪನಿ ಕಾಯ್ದೆ. ಅರ್ಹತೆ ಯಾರಿಗಿದೆ ಎಂದು ಪ್ರಾಂತ್ಯ ಸರ್ಕಾರಗಳು ಸರ್ಟಿಫಿಕೇಟ್ ಕೊಡುತ್ತಿದ್ದವು. ಅದರಲ್ಲಿ ಎರಡು ಬಗೆ. ಒಂದನ್ನು ಹಿಡಿದವನು ದೇಶದಲ್ಲೆಲ್ಲಾದರೂ ಆಡಿಟ್ ಮಾಡಬಹುದು. ಇನ್ನೊಂದು ನಿರ್ಬಂಧಿತ ಸರ್ಟಿಫಿಕೇಟ್: ಆ ಪ್ರಾಂತ್ಯದೊಳಗೆ ಮಾತ್ರ, ಅದೂ ಸರ್ಟಿಫಿಕೇಟಿನಲ್ಲಿ ಕಾಣಿಸಿದ ಭಾಷೆಯಲ್ಲಿ ಬರೆದ ಲೆಕ್ಕಗಳಿಗೆ ಮಾತ್ರ. ಅಂದರೆ ದೇಶಭಾಷೆಯಲ್ಲಿ ಲೆಕ್ಕ ಬಲ್ಲವನನ್ನೂ ಲೆಕ್ಕಪರಿಶೋಧಕ ಎಂದು ಸರ್ಕಾರ ಒಪ್ಪಿಕೊಂಡಿದ್ದ ಒಂದು ಕಾಲವಿತ್ತು. 1920ರಲ್ಲಿ ಅದನ್ನು ಕೊಡುವುದು ನಿಂತಿತು. ನನ್ನ ಮಟ್ಟಿಗೆ ಈ ವೃತ್ತಿಯ ಇತಿಹಾಸದಲ್ಲಿ ಮುಖ್ಯವಾದ ತಿರುವು ಇದೇ; ಸಂಚಿಕೆಗಳು ಇದಕ್ಕೆ ಒಂದೇ ಸಾಲು ಮೀಸಲಿಡುತ್ತವೆ.

ಮುಂಬೈಯಲ್ಲಿ 1918ರಲ್ಲಿ ಸರ್ಕಾರಿ ಅಕೌಂಟೆನ್ಸಿ ಡಿಪ್ಲೊಮಾ ಶುರುವಾಯಿತು. ಜಿಡಿಎ ಎನ್ನುತ್ತಿದ್ದರು. ಪರೀಕ್ಷೆ ಪಾಸಾಗಿ, ಮಾನ್ಯತೆ ಪಡೆದ ಅಕೌಂಟೆಂಟರೊಬ್ಬರ ಕೈಕೆಳಗೆ ಮೂರು ವರ್ಷ ಆರ್ಟಿಕಲ್ಸ್ ಮುಗಿಸಿದವನಿಗೆ ಪೂರ್ಣ ಸರ್ಟಿಫಿಕೇಟ್. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, 1956ರವರೆಗೂ ಇತ್ತು. ಹಾಗಾಗಿ ಈ ಕಡೆಯ ಹುಡುಗ ಆಡಿಟರ್ ಆಗಬೇಕೆಂದರೆ ಮುಖ ಮಾಡಬೇಕಾದದ್ದು ಮೈಸೂರಿನ ಕಡೆಗಲ್ಲ, ಮುಂಬೈಯ ಕಡೆಗೆ. ಅಲ್ಲಿ ಸಿಡೆನ್‌ಹ್ಯಾಮ್ ಕಾಮರ್ಸ್ ಕಾಲೇಜು 1913ರಿಂದಲೇ ಇತ್ತು. ಹುಬ್ಬಳ್ಳಿಗೆ ಕೆಎಲ್ಇ ಸಂಸ್ಥೆಯ ಜೆ. ಜಿ. ಕಾಮರ್ಸ್ ಕಾಲೇಜು ಬರಲು 1947ರವರೆಗೆ ಕಾಯಬೇಕಾಯಿತು. 1930ರ ದಶಕದಲ್ಲಿ ಪ್ರಾಂತ್ಯಗಳ ಕೈಯಿಂದ ಈ ಅಧಿಕಾರ ಕೇಂದ್ರಕ್ಕೆ ಹೋಗಿ, ಅಕೌಂಟೆಂಟರ ರಿಜಿಸ್ಟರ್ ಒಂದು ಬಂತು. ಅದರಲ್ಲಿ ಹೆಸರಿದ್ದವರು ತಮ್ಮ ಬೋರ್ಡಿನಲ್ಲಿ ಆರ್.ಎ. ಎಂದು ಬರೆಸಿಕೊಂಡರು. ಸಂವಿಧಾನ ಜಾರಿಗೆ ಬರುವುದಕ್ಕೂ ಮೊದಲೇ, 1949ರ ಜುಲೈ 1ರಂದು, ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಜಾರಿಯಾಗಿ ಅವರೆಲ್ಲ ಸಿಎ ಆದರು. ಆ ಕಾಯ್ದೆಯಿಂದ ಹುಟ್ಟಿದ ಸಂಸ್ಥೆಗೆ ಜಿ. ಪಿ. ಕಪಾಡಿಯಾ ಮೊದಲ ಅಧ್ಯಕ್ಷರು.

ಆ ರಿಜಿಸ್ಟರಿನಲ್ಲಿ 1933ರಲ್ಲಿ ಸೇರಿದ ಒಂದು ಹೆಸರನ್ನು ಮಾತ್ರ ದಾಟಿಹೋಗಲು ನನಗೆ ಮನಸ್ಸಿಲ್ಲ. ಮದ್ರಾಸಿನ ಆರ್. ಶಿವಭೋಗಂ. ಈ ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಜೈಲಿಗೆ ಹೋಗಿಬಂದವರು ಅಕೌಂಟೆಂಟ್ ಆಗುವಂತಿಲ್ಲ ಎಂಬ ನಿಯಮ ಅಡ್ಡ ಬಂದಾಗ ಕೋರ್ಟಿಗೆ ಹೋಗಿ ಗೆದ್ದರು. 1950ರ ದಶಕದಲ್ಲಿ ಸಂಸ್ಥೆಯ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಗೆ ಅಧ್ಯಕ್ಷೆಯಾದರು. ಅದೇ ಮಂಡಳಿಯ ವ್ಯಾಪ್ತಿಗೆ ಹುಬ್ಬಳ್ಳಿಯೂ ಬರುತ್ತದೆ. ಅವರು ಹೆಸರು ಬರೆಸಿಕೊಂಡು ಅರ್ಧ ಶತಮಾನ ಕಳೆದ ಮೇಲೂ, ನಾನು ಅಡತಿ ಅಂಗಡಿಯ ಮೆಟ್ಟಿಲು ಹತ್ತಿದರೆ ಅಲ್ಲಿನವರು ಹಿಂದೆ ಬರುತ್ತಿರುವ ಗಂಡಸು ಎಲ್ಲಿ ಎಂದು ಬಾಗಿಲ ಕಡೆ ನೋಡುತ್ತಿದ್ದರು.

ಆ ಮೆಟ್ಟಿಲು ಹತ್ತುವಂತಾದದ್ದಕ್ಕೂ ಒಂದು ಕಾಯ್ದೆಯೇ ಕಾರಣ. ಅಲ್ಲಿಯವರೆಗೆ ಆಡಿಟರ್‌ಗಳ ಕೆಲಸ ಕಂಪನಿ, ಬ್ಯಾಂಕು, ಟ್ರಸ್ಟುಗಳಲ್ಲಿ ಮುಗಿಯುತ್ತಿತ್ತು. ಪೇಟೆಯ ವ್ಯಾಪಾರಿ ವರ್ಷಕ್ಕೊಮ್ಮೆ ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿ, ಗುಮಾಸ್ತನ ತಲೆಯ ಮೇಲೆ ಹೊರಿಸಿ, ತೆರಿಗೆ ವಕೀಲರ ಮನೆಗೆ ಕಳಿಸುತ್ತಿದ್ದ. 1984ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ 44ಎಬಿ ಎಂಬ ಕಲಮನ್ನು ಸೇರಿಸಿತು: ವಹಿವಾಟು 40 ಲಕ್ಷ ದಾಟಿದ ವ್ಯಾಪಾರಿ ತನ್ನ ಲೆಕ್ಕಗಳನ್ನು ಸಿಎ ಒಬ್ಬರಿಂದ ಆಡಿಟ್ ಮಾಡಿಸಲೇಬೇಕು. ಹುಬ್ಬಳ್ಳಿಯಲ್ಲಿ ಹತ್ತಿ, ಶೇಂಗಾ, ಮೆಣಸಿನಕಾಯಿ ಮಾರುವವರಿಗೆ 40 ಲಕ್ಷ ದೊಡ್ಡ ಮಾತಲ್ಲ. ಗದ್ದಲವೆದ್ದಿತು. ಅಡತಿಯವರು ಕೇಳಿದರು: ಮಾಲು ರೈತನದು, ಕೊಳ್ಳುವವನು ಇನ್ನೊಬ್ಬ, ನಮಗೆ ಬರುವುದು ದಲಾಲಿ ಮಾತ್ರ, ವಹಿವಾಟು ಎಂದರೆ ಯಾವುದು? 1986ರ ಮಾರ್ಚಿನಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ 452ನೇ ಸುತ್ತೋಲೆ ಹೊರಡಿಸಿ, ಕಚ್ಚಾ ಅಡತಿಗೆ ದಲಾಲಿಯಷ್ಟೇ ವಹಿವಾಟು, ತನ್ನ ಹೊಣೆಯ ಮೇಲೆ ಮಾರುವ ಪಕ್ಕಾ ಅಡತಿಗೆ ಮಾರಾಟದ ಪೂರ್ತಿ ಮೊತ್ತ ವಹಿವಾಟು ಎಂದು ಬಿಡಿಸಿ ಹೇಳಿತು. ಯಾರು ಕಚ್ಚಾ, ಯಾರು ಪಕ್ಕಾ ಎಂದು ಪುಸ್ತಕ ನೋಡಿ ಗುರುತಿಸುವುದೇ ನನಗೆ ಕೊಟ್ಟ ಮೊದಲ ಕೆಲಸಗಳಲ್ಲೊಂದು.

ಪುಸ್ತಕ ನೋಡಿದೆ. ಒಂದಕ್ಷರ ಹತ್ತಲಿಲ್ಲ. ಬಿ.ಕಾಂ.ನಲ್ಲಿ ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಲ್ಲ ಓದಿ ಒಳ್ಳೆಯ ಅಂಕ ತೆಗೆದವಳ ಎದುರು ಕೆಂಪು ಬಟ್ಟೆ ಹೊದಿಸಿದ, ದಾರದಲ್ಲಿ ಹೊಲಿದ, ಉದ್ದನೆಯ ಕಿರ್ದಿ. ಕೆಲವು ಅಂಗಡಿಗಳಲ್ಲಿ ಕನ್ನಡ, ಗುಜರಾತಿಗಳ ಅಂಗಡಿಯಲ್ಲಿ ಗುಜರಾತಿ, ಮಾರವಾಡಿಗಳಲ್ಲಿ ತಲೆಗೆರೆಯಿಲ್ಲದ ಅವರದೇ ಲಿಪಿ. ಮಾಳಿಗೆಯ ಮೇಲಿನ ಹಳೆಯ ಗಂಟು ಬಿಚ್ಚಿದರೆ ಮೋಡಿ ಲಿಪಿ. ಗೆರೆ ಎಳೆದ ಕಾಲಮುಗಳಿಲ್ಲ. ಹಾಳೆಯನ್ನು ಮಡಚಿ ಮಡಚಿ ಗೀರು ಮೂಡಿಸಿರುತ್ತಾರೆ. ಆ ಮಡಿಕೆಗಳೇ ಕಾಲಮುಗಳು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನಮ್ಮ ಪಠ್ಯವಾಗಿದ್ದ ಸ್ಪೈಸರ್ ಮತ್ತು ಪೆಗ್ಲರ್ ಪುಸ್ತಕದಲ್ಲಿ ಮ್ಯಾಂಚೆಸ್ಟರಿನ ಗಿರಣಿಗೆ ಹೊಂದುವ ಸಲಹೆಗಳೆಲ್ಲ ಇದ್ದವು, ಇದರ ಸುಳಿವೇ ಇರಲಿಲ್ಲ.

"ಟಿಕ್ ಆಮ್ಯಾಲೆ ಹಾಕೀಯಂತ, ಮೊದಲು ಕುಂದ್ರು ತಂಗಿ" ಎಂದವರು ನಾನು ಮೊದಲು ಹೋದ ಅಡತಿ ಅಂಗಡಿಯ ದಿವಾನಜಿ. ಅರವತ್ತರ ಹತ್ತಿರದವರು, ಕರಿ ಟೊಪ್ಪಿಗೆ, ಬಿಳಿ ಧೋತರ. ನಾನು ಕಾಕಾ ಎಂದೆ. ಅವರು ಕೊನೆಯವರೆಗೂ ನನ್ನನ್ನು ತಂಗಿ ಎಂದೇ ಕರೆದರು. ಮಾಲೀಕರು ಮುಂದಿದ್ದರೆ ಮಾತ್ರ ಆಡಿಟರ್ ಬಾಯಿ.

ಅವರು ತೋರಿಸಿದ ಕ್ರಮ ಹೀಗೆ. ದಿನದ ಮೊದಲಿಗೆ ನಿನ್ನೆಯ ಶಿಲ್ಕು, ಎಂದರೆ ಪೆಟ್ಟಿಗೆಯಲ್ಲಿ ಉಳಿದ ರೊಕ್ಕ. ಆಮೇಲೆ ಬಂದದ್ದೆಲ್ಲ ಎಡಕ್ಕೆ, ಹೋದದ್ದೆಲ್ಲ ಬಲಕ್ಕೆ. ಸಂಜೆ ಎರಡೂ ಕಡೆ ಬೇರೀಜು ಹಾಕಿ, ಉಳಿದ ಶಿಲ್ಕನ್ನು ಪೆಟ್ಟಿಗೆಯ ಜೊತೆ ಎಣಿಸಿ ನೋಡಿ, ಬಾಗಿಲು ಹಾಕಬೇಕು. ಇದು ಕ್ಯಾಶ್ ಬುಕ್ಕೇ ಅಲ್ಲವೇ ಎಂದು ನಾನು ಬೀಗಿದೆ. "ಹೌದಲ್ಲ. ಹಂಗಾದ್ರ ಉದ್ರಿ ಎಲ್ಲಿ ಬರೀತಿ?" ಎಂದರು. ಮಾಲು ಹೋಯಿತು, ರೊಕ್ಕ ಬರಲಿಲ್ಲ. ಕ್ಯಾಶ್ ಬುಕ್ಕಿನಲ್ಲಿ ಅದಕ್ಕೆ ಜಾಗವಿಲ್ಲ. ಕಾಕಾ ಪುಟ ತಿರುವಿ ತೋರಿಸಿದರು. "ಗಿರಾಕಿ ಹೆಸರಿಗೆ ಖರ್ಚು ಬರಿ, ಮಾಲಿನ ಹೆಸರಿಗೆ ಜಮಾ ಬರಿ. ಎರಡೂ ಇವತ್ತಿನ ತಾರೀಖಿಗೇ. ಶಿಲ್ಕಿಗೆ ಏನೂ ಆಗೂದಿಲ್ಲ, ಮನಷ್ಯಾ ಬಾಕೀದಾರ ಆದ." ಕಾಲೇಜಿನಲ್ಲಿ ಮೂರು ವರ್ಷ ಬಾಯಿಪಾಠ ಮಾಡಿದ್ದ ಡೆಬಿಟ್-ಕ್ರೆಡಿಟ್ ನಿಯಮಗಳು ನನಗೆ ಅರ್ಥವಾದದ್ದು ಆ ಮಧ್ಯಾಹ್ನ. ಒಂದೇ ಪುಸ್ತಕದಲ್ಲಿ ನಗದು ಪುಸ್ತಕವೂ ಜರ್ನಲೂ ಕೂಡಿಕೊಂಡಿವೆ. ಅಲ್ಲಿಂದ ಖತಾವಣಿಗೆ, ಅಂದರೆ ಹೆಸರುವಾರು ಲೆಡ್ಜರಿಗೆ, ಪುಟದ ಸಂಖ್ಯೆ ಹಾಕಿ ಎತ್ತುತ್ತಾರೆ. ಜೋಡಿ ನಮೂದಿನ ಲೆಕ್ಕ ಇಟಲಿಯಿಂದ ಬಂತು ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ್ದರು. ಬಂದಿರಲಿ. ಹುಬ್ಬಳ್ಳಿಯ ಗಾದಿಯ ಮೇಲೆ ಅದೇ ಕೆಲಸ ಬೇರೆ ಬಟ್ಟೆ ತೊಟ್ಟು ನಡೆದಿತ್ತು.

ಕಿರ್ದಿಯನ್ನು ಬಿಡಿಹಾಳೆಯಲ್ಲಿ ಬರೆಯುವುದಿಲ್ಲ. ಹೊಲಿದ ಪುಸ್ತಕ, ಹಾಳೆ ಕಿತ್ತರೆ ಅದರ ಜೋಡಿ ಹಾಳೆಯೂ ಸಡಿಲಾಗಿ ಕಳ್ಳತನ ಬಯಲಾಗುತ್ತದೆ. ತಪ್ಪಾದರೆ ಕೆರೆದು ಅಳಿಸುವಂತಿಲ್ಲ. ಓದಲು ಬರುವಂತೆ ಗೀಟು ಹೊಡೆದು ಪಕ್ಕದಲ್ಲಿ ಬರೆಯಬೇಕು. ಪುಟದ ಕೊನೆಗೆ ಜಾಗ ಉಳಿದರೆ ಅಡ್ಡಗೆರೆ ಎಳೆದು ಮುಚ್ಚಬೇಕು. ಇವೆಲ್ಲ ಆಡಿಟ್ ಪಠ್ಯದಲ್ಲಿ 'ಆಂತರಿಕ ನಿಯಂತ್ರಣ' ಎಂಬ ದೊಡ್ಡ ಅಧ್ಯಾಯ. ಕಾಕಾ ಇದನ್ನು ಹತ್ತು ವರ್ಷದ ಹುಡುಗನಾಗಿದ್ದಾಗ ಕಲಿತಿದ್ದರು. ಕಸ ಹೊಡೆಯುವುದು, ನೀರು ತರುವುದು, ಬ್ಯಾಂಕಿಗೆ ಓಡುವುದು, ಪತ್ರಗಳ ನಕಲು ತೆಗೆಯುವುದು, ಆಮೇಲೆ ಖತಾವಣಿ ಎತ್ತುವುದು, ವರ್ಷಗಳು ಕಳೆದ ಮೇಲೆ ಒಂದು ದೀಪಾವಳಿ ಪಾಡ್ಯದಂದು ಹೊಸ ಕಿರ್ದಿಯಲ್ಲಿ ಮೊದಲ ಜಮಾ ಬರೆಯುವ ಅವಕಾಶ. ಕಾಲು, ಅರೆ, ಮುಕ್ಕಾಲರ ಮಗ್ಗಿಗಳು ನಾಲಗೆಯ ತುದಿಯಲ್ಲಿರಬೇಕು, ಏಕೆಂದರೆ 1957ಕ್ಕೆ ಮುಂಚೆ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ತೂಕ ಮಣ, ಸೇರುಗಳಲ್ಲಿ. ಅದೂ ಆರ್ಟಿಕಲ್‌ಶಿಪ್ಪೇ. ಕರಾರುಪತ್ರ ಇರಲಿಲ್ಲ, ಮುಗಿಯುವ ತಾರೀಖು ಇರಲಿಲ್ಲ, ಕೊನೆಗೆ ಕೈಗೆ ಬರುವ ಕಾಗದವೂ ಇರಲಿಲ್ಲ.

ಅವರು ಕಲಿಸಿದ್ದರಲ್ಲಿ ಕೆಲವನ್ನು ಯಾವ ಸಂಸ್ಥೆಯೂ ಕಲಿಸುವುದಿಲ್ಲ. ಕಚ್ಚಾ ಕಿರ್ದಿ ಬೇರೆ, ಪಕ್ಕಾ ಕಿರ್ದಿ ಬೇರೆ ಎಂದು ಅವರೇ ಹೇಳಿದರು, ಯಾವ ಅಂಗಡಿಯದು ಎಂದು ಹೇಳಲಿಲ್ಲ. ದಿನದ ನಡುವೆ ಶಿಲ್ಕು ಕಡಿಮೆ ಬಿದ್ದು, ಪೆಟ್ಟಿಗೆಯಲ್ಲಿ ಇಲ್ಲದ ರೊಕ್ಕ ಖರ್ಚಾದಂತೆ ಕಂಡರೆ, ಅಲ್ಲೇ ಕೈ ಇಟ್ಟು ನಿಲ್ಲಬೇಕು ಎಂದರು. ಆ ಹೊತ್ತಿಗೆ ಯಾರದೋ ಹೆಸರಿನಲ್ಲಿ ಕೈಗಡ ಬಂದಿರುತ್ತದೆ, ಎರಡು ದಿನಕ್ಕೆ ತೀರಿರುತ್ತದೆ. ಆ ಹೆಸರಿನ ಮನುಷ್ಯ ಇದ್ದಾನೋ ಇಲ್ಲವೋ ನೋಡು. ಇಂದಿಗೂ ನನ್ನ ಕಚೇರಿಯ ಹುಡುಗರಿಗೆ ನಾನು ಮೊದಲು ಹೇಳಿಕೊಡುವ ತಪಾಸಣೆ ಇದು.

ಧರ್ಮಾದಾಯದ ಖಾತೆಯೂ ಹೀಗೆಯೇ. ಪ್ರತಿ ಪಟ್ಟಿಯಲ್ಲಿ ಹಮಾಲಿ, ತೂಕದ ಚಾರ್ಜಿನ ಜೊತೆ ಧರ್ಮಾದಾಯ ಎಂದು ಕೆಲವು ಪೈಸೆ ಮುರಿದುಕೊಳ್ಳುತ್ತಿದ್ದರು. ಆ ಹಣ ಗುಡಿಗೆ, ಗೋಶಾಲೆಗೆ, ಛತ್ರಕ್ಕೆ ಹೋಗಬೇಕು. ವ್ಯಾಪಾರಿಯ ಆದಾಯವೇ ಇದು ಎಂದು ನಾನು ವಾದಿಸಿದೆ. ಕಾಕಾ ಬಾಯಿ ಬಿಡಲಿಲ್ಲ; ಬೇರೆಯೇ ಖಾತೆ ತೆಗೆದು, ಲಾಭ-ನಷ್ಟಕ್ಕೆ ತಾಕದಂತೆ ವರ್ಷದಿಂದ ವರ್ಷಕ್ಕೆ ಎತ್ತಿಕೊಂಡು ಬಂದ ಬಾಕಿಯನ್ನು ತೋರಿಸಿದರು. ಸಂಜೆ ಸಾಹೇಬರನ್ನು ಕೇಳಿದರೆ ಅವರು ಕಪಾಟಿನಿಂದ ಬಿಜಲಿ ಕಾಟನ್ ಮಿಲ್ಸ್ ಪ್ರಕರಣದ 1979ರ ಸುಪ್ರೀಂ ಕೋರ್ಟ್ ತೀರ್ಪನ್ನು ತೆಗೆದುಕೊಟ್ಟರು. ಧರ್ಮಾದಾಯವೆಂದು ಗಿರಾಕಿಯಿಂದ ಪಡೆದದ್ದು ವ್ಯಾಪಾರಿಯ ಆದಾಯವಲ್ಲ ಎಂದು ಅದರಲ್ಲಿತ್ತು. ಕೋರ್ಟಿನವರು ಕೊನೆಗೆ ಹೇಳಿದ್ದನ್ನು ದಿವಾನಜಿಗಳು ಖಾತೆ ಬೇರೆ ಮಾಡಿ ಮೊದಲೇ ಬರೆದಿಟ್ಟಿದ್ದರು.

ಹುಬ್ಬಳ್ಳಿಯಾಚೆಗೂ ಕಳಿಸುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹಂಗಾಮಿನಲ್ಲಿ ಹೋದರೆ ಪುಸ್ತಕದ ಮಡಿಕೆ ಮಡಿಕೆಯಲ್ಲೂ ಕೆಂಪು ಪುಡಿ. ಒಂದು ಪುಟಕ್ಕೆ ಟಿಕ್ ಹಾಕುವುದರೊಳಗೆ ನಾಲ್ಕು ಸೀನು. ಗದಗ, ಅಣ್ಣಿಗೇರಿಯ ಹತ್ತಿ ಅಂಗಡಿಗಳಲ್ಲಿ ಅಂಡಗಿಗಳ ಲೆಕ್ಕ. ಕಚೇರಿಯ ಟಿಕ್ ಗುರುತುಗಳು ಗುಟ್ಟಿನವು: ಹಸಿರು ಶಾಯಿ, ಬಾಲಕ್ಕೊಂದು ಗೀಟು. ಅಂಗಡಿಯವರು ನಾವು ಹೋದ ಮೇಲೆ ತಾವೇ ಟಿಕ್ ಸೇರಿಸದಿರಲಿ ಎಂದು ಈ ಉಪಾಯ. ಅದನ್ನು ನೋಡಿ ಕಾಕಾ ನಗುತ್ತಿದ್ದರು. ಟಿಕ್ ಬಿದ್ದ ಪುಟದಲ್ಲಿ ಏನೂ ತಿದ್ದುವುದಿಲ್ಲ, ಇನ್ನೂ ಬೀಳದ ಪುಟವನ್ನು ತಿದ್ದುತ್ತಾರೆ ಎಂಬುದು ಅವರ ಅನುಭವ.

ಬ್ಯಾಂಕುಗಳ ವರ್ಷ ಮುಗಿಯಿತೆಂದರೆ ಪೇಟೆ ಬಿಟ್ಟು ಅವುಗಳ ಶಾಖೆಗಳಿಗೆ. 1969ರಲ್ಲಿ 14, 1980ರಲ್ಲಿ ಇನ್ನೂ 6 ಬ್ಯಾಂಕುಗಳು ಸರ್ಕಾರದವಾದ ಮೇಲೆ ಶಾಖೆಗಳು ಹಳ್ಳಿಹಳ್ಳಿಗೆ ಹಬ್ಬಿದ್ದವು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಅವುಗಳಲ್ಲಿ ನಾಲ್ಕು. ಜೊತೆಗೆ ಧಾರವಾಡದಲ್ಲಿ ಮುಖ್ಯ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕ್. ಬೆಳಗಿನ ಬಸ್ಸಿಗೆ ಹೊರಟು, ಬುತ್ತಿ ಕಟ್ಟಿಕೊಂಡು, ಸಿಂಡಿಕೇಟ್ ಬ್ಯಾಂಕಿನವರು 1928ರಿಂದ ನಡೆಸಿಕೊಂಡು ಬಂದಿದ್ದ ಪಿಗ್ಮಿ ಠೇವಣಿಗಳ ಪಟ್ಟಿಯನ್ನು ಕೂಡಿಸಿ ಕೂಡಿಸಿ ಕಣ್ಣು ಮಂಜಾಗುತ್ತಿತ್ತು. ಬಂಗಾರದ ಸಾಲದ ಪೊಟ್ಟಣಗಳನ್ನು ಎಣಿಸುವಾಗ ಮ್ಯಾನೇಜರು ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ತಪಾಸಣೆ ಮಾಡುತ್ತಿರುವವರು ಯಾರು ಎಂಬ ಅನುಮಾನ ಬರಬೇಕು, ಹಾಗೆ. ಇದರ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ದೇಶದ ಯಾವ ಆರ್ಟಿಕಲ್ ಹುಡುಗನನ್ನು ಕೇಳಿದರೂ ಬ್ಯಾಂಕ್ ಆಡಿಟ್‌ನ ಕಥೆ ಒಂದೇ.

ಪೇಟೆಯ ವರ್ಷಕ್ಕೆ ಪೆಟ್ಟು ಬಿದ್ದದ್ದು ನನ್ನ ಕಣ್ಣೆದುರೇ. ಅಲ್ಲಿಯವರೆಗೆ ವ್ಯಾಪಾರಿ ತನಗೆ ಬೇಕಾದ ವರ್ಷ ಹಿಡಿಯಬಹುದಿತ್ತು. ಕೆಲವರು ಯುಗಾದಿ, ಕೆಲವರು ಜೂನ್, ಪೇಟೆಯ ಹೆಚ್ಚಿನವರು ದೀಪಾವಳಿ. ಅಮಾವಾಸ್ಯೆಗೆ ಲಕ್ಷ್ಮೀಪೂಜೆ, ಹಳೆಯ ಕಿರ್ದಿ ಮುಚ್ಚುವುದು, ಪಾಡ್ಯಕ್ಕೆ ಅರಿಶಿನ ಕುಂಕುಮ ಹಚ್ಚಿ ಹೊಸದು ತೆರೆಯುವುದು. ಹಾಗಾಗಿ ಆಡಿಟ್ ಕೆಲಸವೂ ವರ್ಷವಿಡೀ ಹರಡಿಕೊಂಡಿರುತ್ತಿತ್ತು. ಓದಲು ಬಿಡುವು ಸಿಗುತ್ತಿತ್ತು. ಆದಾಯ ತೆರಿಗೆಯ ತಿದ್ದುಪಡಿಯೊಂದು 1989-90ರ ಕರನಿರ್ಧಾರಣಾ ವರ್ಷದಿಂದ ಎಲ್ಲರಿಗೂ ಮಾರ್ಚ್ 31ನ್ನೇ ಕಡ್ಡಾಯ ಮಾಡಿತು. ದೀಪಾವಳಿಯವರಿಗೆ ಪರಿವರ್ತನೆಯ ವರ್ಷ 1987ರ ಅಕ್ಟೋಬರಿನಿಂದ 1989ರ ಮಾರ್ಚ್ ಕೊನೆಯವರೆಗೆ ಹಿಗ್ಗಿತು. ಸುಮಾರು 17 ತಿಂಗಳ ವರ್ಷ! ನಡುವೆ 1988ರ ದೀಪಾವಳಿ ಬಂತು. ಕಾಕಾ ಪದ್ಧತಿಯಂತೆ ಹೊಸ ಕಿರ್ದಿ ತರಿಸಿ ಪೂಜೆ ಮಾಡಿಸಿದರು, ಆದರೆ ಹಳೆಯದನ್ನು ಮುಚ್ಚುವಂತಿರಲಿಲ್ಲ. "ಲಕ್ಷ್ಮಿಗೆ ಒಂದು ವರ್ಷ, ಸರಕಾರಕ್ಕ ಒಂದು ವರ್ಷ" ಎಂದು ಗೊಣಗಿಕೊಂಡು ಹಳೆಯ ಪುಸ್ತಕದಲ್ಲೇ ಮುಂದುವರಿಸಿದರು. ಆಡಿಟ್ ಕಚೇರಿಗಳಿಗೆ ಆವತ್ತಿನಿಂದ ಎಲ್ಲ ಕೆಲಸವೂ ಒಂದೇ ಗಡುವಿಗೆ ಬಂದು ಬೀಳತೊಡಗಿತು. ಆರ್ಟಿಕಲ್‌ಗಳು ರಾತ್ರಿ ಹನ್ನೊಂದರವರೆಗೆ ಕಚೇರಿಯಲ್ಲಿ ಕೂರುವ ಕಾಲ ನಮ್ಮೂರಿನಲ್ಲಿ ಶುರುವಾದದ್ದು ಆಗ. ಎಲ್ಲರೂ ಮಲಗಿದಾಗ ಎಚ್ಚರವಿರುವುದರ ಕುರಿತು ಉಪನಿಷತ್ತಿನ ಮಾತೊಂದು ನಮ್ಮ ಸಂಸ್ಥೆಯ ಲಾಂಛನದಲ್ಲಿದೆ; ಹುಡುಗರು ಅದನ್ನು ಯಾವ ಧಾಟಿಯಲ್ಲಿ ನೆನೆಯುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಕಿರ್ದಿಯನ್ನು ಮುಗಿಸಿದ್ದು ಬೆಂಗಳೂರು. ಗಿರಣಿಗಳಿಗೆ ಕಚ್ಚಾಮಾಲು ಮತ್ತು ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಎಂಬ ವ್ಯಾಪಾರಿಗೆ ತನ್ನ ಲೆಕ್ಕಕ್ಕೆ ಒಪ್ಪುವ ಸಾಫ್ಟ್‌ವೇರ್ ಎಲ್ಲೂ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ ನೀನೇ ಬರೆ ಎಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಕಂಪನಿಯಾಗಿ ಆರಂಭವಾದ ಅದೇ ಮುಂದೆ ಟ್ಯಾಲಿ. ನಾನು ಕಿರ್ದಿಯ ಎದುರು ಮೊದಲ ಸಲ ಕೂತ ವರ್ಷವೇ ಅದು ಎಂದು ಆಮೇಲೆ ತಿಳಿಯಿತು. ಹುಬ್ಬಳ್ಳಿಯ ಪೇಟೆಗೆ ಅದು ಬಂದದ್ದು ತೊಂಬತ್ತರ ದಶಕದಲ್ಲಿ. ಬೇರೀಜು ಹಾಕುವ, ಖತಾವಣಿ ಎತ್ತುವ, ಪುಟ ಸಂಖ್ಯೆ ನೋಡುವ ಕೆಲಸವೆಲ್ಲ ಒಂದು ಗುಂಡಿಗೆ ಬಂತು. ಅಂಗಡಿಗಳಿಗೆ ಅದನ್ನು ಹಾಕಿಸಿದವರು ನಾವೇ, ಆಡಿಟ್ ಕಚೇರಿಯವರು. ನಮ್ಮ ಆರ್ಟಿಕಲ್ ಹುಡುಗರು ಹೋಗಿ ಎರಡು ವಾರ ಕೂತು, ದಿವಾನಜಿಗಳ ಬಾಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಬಂದರು. ಕೆಲಸ ಕಲಿಸಿದವರನ್ನು ಕೆಲಸದಿಂದ ಎಬ್ಬಿಸಿದ್ದು ಕಲಿತವರ ಕೈ. ಅದು ತಡೆಯಬಹುದಾದ ಸಂಗತಿ ಎಂದು ನನಗೆ ಅನ್ನಿಸುವುದಿಲ್ಲ. ಬಡ್ಡಿ ಲೆಕ್ಕ ತಪ್ಪಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ ಅಂಗಡಿಗಳನ್ನೂ ನಾನು ನೋಡಿದ್ದೇನೆ. ಆದರೆ ಟ್ಯಾಲಿಯ ಪರದೆಯ ಮೇಲೆ ಶಿಲ್ಕು ಮೈನಸ್ ಆದರೆ ಅದು ಅಂಕಿಯ ಹಿಂದೆ ಒಂದು ಗುರುತು, ಅಷ್ಟೆ. ಅಲ್ಲಿ ಕೈ ಇಟ್ಟು ನಿಲ್ಲು ಎಂದು ಹೇಳುವವರು ಅಂಗಡಿಯಲ್ಲಿ ಉಳಿದಿಲ್ಲ. ಕಾಕಾ 1990ರ ದಶಕದ ಕೊನೆಗೆ ಕೆಲಸ ಬಿಟ್ಟರು. ಪಿಂಚಣಿ, ಗ್ರಾಚ್ಯುಟಿ ಯಾವುದೂ ಇರಲಿಲ್ಲ. ಮಾಲೀಕರು ದೀಪಾವಳಿಗೆ ಧೋತರದ ಜೋಡು ಕಳಿಸುತ್ತಿದ್ದರು.

ಇನ್ನು ದುಡ್ಡಿನ ಮಾತು. ಇಂಗ್ಲೆಂಡಿನಲ್ಲಿ ಎರಡನೇ ಮಹಾಯುದ್ಧದ ನಂತರ ಪ್ರೀಮಿಯಂ ಪದ್ಧತಿ ಮರೆಯಾಯಿತು. ನಮ್ಮಲ್ಲೂ ಅದರ ನೆರಳು ಬಹಳ ಕಾಲ ಇತ್ತು. ಈಗ ಜಾರಿಯಲ್ಲಿರುವ 1988ರ ನಿಯಮಾವಳಿ ಆರ್ಟಿಕಲ್‌ಗೆ ಸೇರಿಸಿಕೊಳ್ಳಲು ಪ್ರೀಮಿಯಂ, ಸಾಲ, ಠೇವಣಿ ಯಾವ ಹೆಸರಿನಲ್ಲೂ ಹಣ ಪಡೆಯುವಂತಿಲ್ಲ ಎನ್ನುತ್ತದೆ. ಬದಲಿಗೆ ಕನಿಷ್ಠ ಸ್ಟೈಪೆಂಡ್ ಕೊಡಬೇಕು ಎನ್ನುತ್ತದೆ. ನನಗೆ ಸಿಗುತ್ತಿದ್ದದ್ದು ಬಸ್ ಪಾಸು, ಚಹಾ, ಒಂದೆರಡು ಪುಸ್ತಕಕ್ಕೆ ಸರಿಹೋಗುತ್ತಿತ್ತು. ಚೆಕ್ಕಿನಲ್ಲಿ ಕೊಟ್ಟು ನಗದಾಗಿ ಹಿಂದಕ್ಕೆ ಪಡೆದವರ ಕಥೆಗಳನ್ನೂ, ಕಾಗದದ ಮೇಲೆ ಮಾತ್ರ ಆರ್ಟಿಕಲ್ ಆಗಿದ್ದು ಟ್ಯೂಷನ್ ಕ್ಲಾಸಿನಲ್ಲಿ ಕೂತವರ ಕಥೆಗಳನ್ನೂ ಪ್ರತಿ ತಲೆಮಾರೂ ಹೇಳುತ್ತದೆ. ವಿದ್ಯಾರ್ಥಿಯೋ ಕೆಲಸಗಾರನೋ ಎಂಬುದನ್ನು ವಿಕ್ಟೋರಿಯಾ ಕಾಲದಿಂದ ಯಾರೂ ತೀರ್ಮಾನಿಸಿಲ್ಲ. ತೀರ್ಮಾನಿಸದೆ ಇರುವುದರಿಂದ ಕಚೇರಿಗಳಿಗೆ ಅನುಕೂಲವಿದೆ. ನಾನೂ ಒಂದು ಕಚೇರಿ ನಡೆಸುತ್ತೇನೆ, ಆದ್ದರಿಂದ ಈ ಮಾತು ನನಗೂ ಸೇರಿದ್ದು.

ನನ್ನನ್ನು ಸೇರಿಸಲು ಬಂದಾಗ ಅಪ್ಪ ಸಾಹೇಬರ ಎದುರು ಟೊಪ್ಪಿಗೆ ಕೈಯಲ್ಲಿ ಹಿಡಿದು, "ಎಷ್ಟು ಕೊಡಬೇಕಾಗ್ತದ್ರೀ?" ಎಂದು ಕೇಳಿದ್ದರು. ಪ್ರೈಮರಿ ಶಾಲೆಯ ಮಾಸ್ತರರು. ಊರಲ್ಲಿ ಯಾರೋ ಹಳೆಯ ಕಾಲದ ಪ್ರೀಮಿಯಮ್ಮಿನ ಮಾತು ಹೇಳಿದ್ದರಂತೆ. ಈಗ ನನ್ನ ಕಚೇರಿಗೆ ಬರುವ ತಂದೆತಾಯಿಗಳು ಸ್ಟೈಪೆಂಡ್ ಎಷ್ಟು ಎಂದು ಕೇಳುತ್ತಾರೆ, ಕೇಳಬೇಕಾದದ್ದೇ. 2023ರ ಹೊಸ ಯೋಜನೆಯಲ್ಲಿ ಮೂರು ವರ್ಷದ ತರಬೇತಿ ಎರಡಕ್ಕೆ ಇಳಿಯಿತು, ಕನಿಷ್ಠ ಸ್ಟೈಪೆಂಡ್ ದುಪ್ಪಟ್ಟಾಯಿತು. ಆ ಕನಿಷ್ಠ ಮೊತ್ತ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ: 20 ಲಕ್ಷ ಮೀರಿದ ನಗರಕ್ಕೆ ಒಂದು, 4ರಿಂದ 20 ಲಕ್ಷದವರೆಗೆ ಇನ್ನೊಂದು, ಅದಕ್ಕೂ ಕೆಳಗಿನವಕ್ಕೆ ಮತ್ತೊಂದು. ಒಂಬತ್ತು ಲಕ್ಷ ದಾಟಿದ ಹುಬ್ಬಳ್ಳಿ-ಧಾರವಾಡ ನಡುವಿನ ಸಾಲಿನಲ್ಲಿದೆ, ಗದಗ ಕೊನೆಯದರಲ್ಲಿ, ಬೆಂಗಳೂರು ಮೊದಲನೆಯದರಲ್ಲಿ. ಪರೀಕ್ಷೆ ಮೂರಕ್ಕೂ ಒಂದೇ. ಗದಗಿನ ಹುಡುಗಿಯೊಬ್ಬಳು ಹೋದ ತಿಂಗಳು ಬಂದು, ಎಲ್ಲ ಕೇಳಿ, ಬ್ಯಾಡಗಿ ಪೇಟೆಯ ಆಡಿಟ್‌ಗೂ ಕಳಿಸುತ್ತೀರಾ ಎಂದು ವಿಚಾರಿಸಿ, ಎರಡು ದಿನ ಬಿಟ್ಟು ಫೋನ್ ಮಾಡಿದಳು. ಬೆಂಗಳೂರಿನಲ್ಲಿ ದೊಡ್ಡ ಕಂಪನಿಯೊಂದರಲ್ಲಿ ಸಿಕ್ಕಿದೆಯಂತೆ, ರಾತ್ರಿ ಬಸ್ಸಿಗೆ ಹೊರಟಿದ್ದೇನೆ ಮೇಡಂ, ಎಂದಳು. ಅವಳ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.